ಕರೂರಿನ ಬಾನುಲಿ ಯಾರ ದನಿಯಾಗಬೇಕು?

ಕಳೆದ ಶ್ರಾವಣದ ಒಂದು ಸಂಜೆ, ಪುರಾಣ ಪ್ರವಚನ ಮುಗಿದು ಭಕ್ತರೆಲ್ಲ ಪ್ರಸಾದಕ್ಕೆ ಏಳುತ್ತಿದ್ದ ಹೊತ್ತಿನಲ್ಲಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕರೂರು ಹೋಬಳಿಯ ಕಡೆಯಿಂದ ಏಳೆಂಟು ಜನ ನಮ್ಮನ್ನು ಕಾಣಲು ಬಂದರು. ಅವರಲ್ಲಿ ಇಬ್ಬರು ಹಿರಿಯ ರೈತರು, ಒಬ್ಬರು ನಿವೃತ್ತ ಶಿಕ್ಷಕರು, ಉಳಿದವರು ಕಾಲೇಜು ಮುಗಿಸಿದ ತರುಣರು. ತಮ್ಮ ಸೀಮೆಗೆ ತಮ್ಮದೇ ಆದ ಒಂದು ಬಾನುಲಿ ಕೇಂದ್ರ ಬೇಕೆಂಬುದು ಅವರ ಬಯಕೆ. ಹಳೆಯ ಪೆಟ್ಟಿಗೆ ರೇಡಿಯೊದಲ್ಲಿ ಧಾರವಾಡವನ್ನೂ ಕಲಬುರ್ಗಿಯನ್ನೂ ಕೇಳಿ ಬೆಳೆದ ಹಿರಿಯರಿಗೆ ಅದು ‘ಎ.ಎಂ.’ ಕೇಂದ್ರವೇ ಆಗಬೇಕೆಂಬ ಆಸೆ. ಅದರಲ್ಲಿ ಏನು ಪ್ರಸಾರವಾಗಬೇಕೆಂಬುದನ್ನೂ ಅವರು ಆಗಲೇ ನಿಶ್ಚಯಿಸಿಕೊಂಡಿದ್ದರು: ಬೆಳಗಿನ ಜಾವದಿಂದ ರಾತ್ರಿಯವರೆಗೆ ವಚನ ಗಾಯನ, ಇಷ್ಟಲಿಂಗ ಪೂಜಾವಿಧಿ, ಪ್ರವಚನ, ಜಾತ್ರೆಯ ನೇರ ಪ್ರಸಾರ. ನಮ್ಮಿಂದ ಅವರು ಬಯಸಿದ್ದು ಎರಡೇ: ಕೇಂದ್ರಕ್ಕೊಂದು ಹೆಸರು, ಕಾರ್ಯಕ್ಕೊಂದು ಆಶೀರ್ವಾದ.

ನಾವು ಹೆಸರನ್ನು ಹೇಳುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿದೆವು. “ಭತ್ತದ ನಾಟಿಯ ದಿನ, ಮಧ್ಯಾಹ್ನ ಒಂದು ಗಂಟೆಗೆ, ಗದ್ದೆಯ ಬದುವಿನಲ್ಲಿ ಬುತ್ತಿ ಬಿಚ್ಚಿ ಕುಳಿತ ಹೆಣ್ಣುಮಗಳು ನಿಮ್ಮ ಕೇಂದ್ರವನ್ನು ಏಕೆ ಹಚ್ಚಬೇಕು?” ಬಂದವರು ಪರಸ್ಪರ ಮುಖ ನೋಡಿಕೊಂಡರು. ಆ ಸಂಜೆ ಉತ್ತರ ದೊರೆಯಲಿಲ್ಲ. ಅಂದಿನಿಂದ ಈ ಪ್ರಶ್ನೆ ನಮ್ಮನ್ನೂ ಬಿಡಲಿಲ್ಲ. ಇಂಥ ಬಯಕೆ ಈಗ ನಮ್ಮ ಸಮಾಜದ ಹಲವು ಊರುಗಳಲ್ಲಿ ಕೇಳಿಬರುತ್ತಿರುವುದರಿಂದ, ಅವರಿಗೆ ಹೇಳಬೇಕಾದುದನ್ನು ಪತ್ರಿಕೆಯ ಮೂಲಕ ಎಲ್ಲ ಬಂಧುಗಳ ಮುಂದೆ ಇಡುವುದು ಯುಕ್ತವೆಂದು ತೋರಿತು.

ಮೊದಲು ‘ಎ.ಎಂ.’ ಮಾತು

ಹಿರಿಯರು ಬಯಸಿದ ಎ.ಎಂ. ಎಂದರೆ ಮಧ್ಯಮ ತರಂಗದ ಪ್ರಸಾರ. 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರ, 1966ರಲ್ಲಿ ಆರಂಭವಾದ ಕಲಬುರ್ಗಿ ಕೇಂದ್ರ ನಮ್ಮ ಉತ್ತರ ಕರ್ನಾಟಕದ ಮನೆಮನೆಗೆ ತಲುಪಿದ್ದು ಈ ತರಂಗದ ಬಲದಿಂದಲೇ. ಅದರ ವ್ಯಾಪ್ತಿ ವಿಶಾಲವಾದುದು ನಿಜ. ಆದರೆ ಅದಕ್ಕೆ ಬೇಕಾದ ಸಲಕರಣೆಯೂ ಅಷ್ಟೇ ದೊಡ್ಡದು. ಧಾರವಾಡದ 765 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 392 ಮೀಟರು. ಅಂಥ ತರಂಗವನ್ನು ಚೆನ್ನಾಗಿ ಬೀರಬೇಕಾದರೆ ಅದರ ಕಾಲುಭಾಗದಷ್ಟು, ಅಂದರೆ ನೂರು ಮೀಟರಿನ ಸುಮಾರು ಎತ್ತರದ ಸ್ತಂಭ ಬೇಕು. ಅದರ ಸುತ್ತ ನೆಲದೊಳಗೆ ಹೂಳಿದ ತಂತಿಗಳ ಜಾಲ ಬೇಕು. ಅದಕ್ಕೆ ಎಕರೆಗಟ್ಟಲೆ ಭೂಮಿ ಬೇಕು. ರಾತ್ರಿಯಾದೊಡನೆ ದೂರದೂರದ ಕೇಂದ್ರಗಳು ಆಕಾಶದಿಂದ ಪ್ರತಿಫಲಿಸಿ ಬಂದು ಒಂದರ ಮೇಲೊಂದು ಬೀಳುವುದನ್ನು ಹಳಬರೆಲ್ಲ ಕೇಳಿಯೇ ಇದ್ದಾರೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ನಮ್ಮ ದೇಶದಲ್ಲಿ ಮಧ್ಯಮ ತರಂಗದ ಪ್ರಸಾರ ಆಕಾಶವಾಣಿಗೇ ಮೀಸಲು. ಸಂಘ ಸಂಸ್ಥೆಗಳಿಗೆ ಅದು ದೊರೆಯುವುದಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರುವರಿಯಲ್ಲಿ ತೀರ್ಪಿತ್ತ ಮೇಲೆ, 2002ರಲ್ಲಿ ವಿದ್ಯಾಸಂಸ್ಥೆಗಳಿಗೂ 2006ರಲ್ಲಿ ಲಾಭದ ಉದ್ದೇಶವಿಲ್ಲದ ಸೇವಾ ಸಂಸ್ಥೆಗಳಿಗೂ ತೆರೆದದ್ದು ಸಮುದಾಯ ಬಾನುಲಿಯ ಬಾಗಿಲು. ಅದು ಎಫ್.ಎಂ. ತರಂಗದಲ್ಲಿ, 100 ವಾಟ್ ಪ್ರಸಾರಶಕ್ತಿಯ ಮಿತಿಯಲ್ಲಿ, 30 ಮೀಟರು ಮೀರದ ಸ್ತಂಭದಿಂದ ನಡೆಯಬೇಕಾದುದು. ಬಯಲು ಸೀಮೆಯಲ್ಲಿ ಅದು ಹತ್ತು ಹದಿನೈದು ಕಿಲೋಮೀಟರಿನ ಸುತ್ತಳತೆಯನ್ನು ತಲುಪೀತು.

ಆದಕಾರಣ ಮೊದಲ ನಿರ್ಧಾರ ಇಲ್ಲಿಯೇ ಆಗಬೇಕು. ಬಳ್ಳಾರಿಗೂ ಸಿರುಗುಪ್ಪಕ್ಕೂ ನಡುವೆ ಐವತ್ತು ಕಿಲೋಮೀಟರಿಗೂ ಮೀರಿದ ದೂರವಿದೆ. ಕುರುಗೋಡು ಇನ್ನೊಂದು ದಿಕ್ಕು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರನ್ನೂ ಒಂದೇ ಸ್ತಂಭ ತಲುಪದು. ತಲುಪದೆಂದು ಮರುಗಬೇಕಾಗಿಲ್ಲ. ಸುತ್ತಳತೆ ಚಿಕ್ಕದಾದರೆ ಕೇಳುಗನ ಮುಖ ಕಾಣುತ್ತದೆ. ಕರೂರಿನ ಸುತ್ತಲಿನ ಇಪ್ಪತ್ತು ಮೂವತ್ತು ಹಳ್ಳಿಗಳಿಗಾಗಿ ಮಾತ್ರ ಮಾತನಾಡುವ ಕೇಂದ್ರ ಯಾವುದು, ಅದು ಏನು ಮಾತನಾಡಬೇಕು ಎಂಬುದೇ ಈಗ ನಮ್ಮ ವಿಚಾರ.

ಮೈಸೂರಿನ ಮನೆಯೊಂದರ ಪಾಠ

ಕನ್ನಡ ನಾಡಿನಲ್ಲಿ ಈ ಪ್ರಶ್ನೆಯನ್ನು ಮೊದಲು ಎದುರಿಸಿದವರು ಮೈಸೂರಿನ ಡಾ. ಎಂ. ವಿ. ಗೋಪಾಲಸ್ವಾಮಿಯವರು. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ವಿಠಲವಿಹಾರದಿಂದ ಪ್ರಸಾರ ಆರಂಭಿಸಿದರು. ಅವರ ಮೊದಲ ಪ್ರೇಷಕದ ಶಕ್ತಿ ಕೇವಲ 30 ವಾಟ್. ಮನೆಯ ಒಂದು ದೀಪದಷ್ಟು. ‘ಆಕಾಶವಾಣಿ’ ಎಂಬ ಹೆಸರು ಆ ಪುಟ್ಟ ಕೇಂದ್ರಕ್ಕೆ ಇಟ್ಟದ್ದು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಸಾಹಿತಿ ನಾ. ಕಸ್ತೂರಿಯವರು ಆ ಕೇಂದ್ರದ ಕಾರ್ಯದಲ್ಲಿ ಅವರ ಜೊತೆಗಿದ್ದರು.

ಆ ಮನೆಯ ಕೇಂದ್ರ ಉಳಿದುಕೊಂಡದ್ದು ಯಂತ್ರದ ಬಲದಿಂದಲ್ಲ. ಮೈಸೂರಿನ ವಿದ್ವಾಂಸರು, ಕವಿಗಳು, ಸಂಗೀತಗಾರರು ಕಾಲ್ನಡಿಗೆಯಲ್ಲಿ ಬಂದು ಹೋಗುವಷ್ಟು ಸಮೀಪದಲ್ಲಿದ್ದರು. ಗೋಪಾಲಸ್ವಾಮಿಯವರು ತಮ್ಮ ಊರಿನಲ್ಲಿ ಏನಿತ್ತೋ ಅದನ್ನು ಪ್ರಸಾರ ಮಾಡಿದರು. ಕೆಲವು ವರ್ಷ ಸ್ವಂತ ಖರ್ಚಿನಲ್ಲಿ ನಡೆದ ಕೇಂದ್ರವನ್ನು ಬಳಿಕ ನಗರಸಭೆಯೂ ಸಂಸ್ಥಾನದ ಸರ್ಕಾರವೂ ವಹಿಸಿಕೊಂಡವು. 1950ರಲ್ಲಿ ಅದು ಕೇಂದ್ರ ಸರ್ಕಾರದ ಬಾನುಲಿ ವ್ಯವಸ್ಥೆಗೆ ಸೇರಿತು. ನಮಗೆ ಇಲ್ಲಿ ಎರಡು ಪಾಠಗಳಿವೆ. ಊರಿನಲ್ಲಿ ನಿಜವಾಗಿಯೂ ಇರುವುದನ್ನೇ ಪ್ರಸಾರದ ಬಂಡವಾಳ ಮಾಡಿಕೊಳ್ಳಬೇಕು ಎಂಬುದು ಒಂದು. ಒಬ್ಬರ ಕೈಯಿಂದ ಬಹುಕಾಲ ನಡೆಯುವ ಕಾರ್ಯ ಇದಲ್ಲ ಎಂಬುದು ಎರಡು.

ರುಚಿಯನ್ನು ತಿದ್ದಹೋದ ಕಥೆ

ದಿನವಿಡೀ ಭಕ್ತಿಯ ಪ್ರಸಾರ ಬೇಕೆನ್ನುವ ನಮ್ಮ ಬಂಧುಗಳಿಗೆ ಇನ್ನೊಂದು ಇತಿಹಾಸವನ್ನು ನೆನಪಿಸಬೇಕಾಗಿದೆ. 1952ರಲ್ಲಿ ಬಿ. ವಿ. ಕೇಸ್ಕರರು ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದರು. ಶಾಸ್ತ್ರೀಯ ಸಂಗೀತದ ಉಪಾಸಕರಾಗಿದ್ದ ಅವರಿಗೆ ಚಲನಚಿತ್ರ ಗೀತೆಗಳಿಂದ ಜನರ ಅಭಿರುಚಿ ಕೆಡುತ್ತಿದೆ ಎನಿಸಿತು. ಆಕಾಶವಾಣಿಯಲ್ಲಿ ಆ ಗೀತೆಗಳು ಕ್ಷೀಣಿಸಿ, ಕೊನೆಗೆ ನಿಂತೇ ಹೋದವು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಕೇಳುಗರು ಮುಳ್ಳನ್ನು ತಿರುಗಿಸಿ ಸಿಂಹಳದ ರೇಡಿಯೊ ಸಿಲೋನ್ ಕಡೆಗೆ ಹೋದರು. ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಅಲ್ಲಿಂದಲೇ ದೇಶವನ್ನೆಲ್ಲ ಗೆದ್ದಿತು. ಐದು ವರ್ಷಗಳ ಬಳಿಕ, 1957ರ ಅಕ್ಟೋಬರ್ 3ರಂದು, ಆಕಾಶವಾಣಿಯೇ ‘ವಿವಿಧ ಭಾರತಿ’ಯನ್ನು ಆರಂಭಿಸಿ ಕೇಳುಗರನ್ನು ಮರಳಿ ಕರೆಯಬೇಕಾಯಿತು.

ಆ ಕಾಲದಲ್ಲಿ ಕೇಳುಗನಿಗೆ ಇದ್ದ ಬೇರೆ ದಾರಿ ಒಂದೇ, ಸಿಂಹಳ. ಇಂದು ಕೈಯಲ್ಲಿರುವ ಮೊಬೈಲಿನಲ್ಲಿ ಸಾವಿರ ದಾರಿಗಳಿವೆ. ವಚನ ಗಾಯನವನ್ನು ಕೇಳಬೇಕೆಂದವರಿಗೆ ಮಲ್ಲಿಕಾರ್ಜುನ ಮನ್ಸೂರರ ದನಿಯೂ ಬಸವರಾಜ ರಾಜಗುರುಗಳ ದನಿಯೂ ಸಿದ್ಧರಾಮ ಜಂಬಲದಿನ್ನಿಯವರ ದನಿಯೂ ಬೇಕೆಂದ ಗಳಿಗೆಯಲ್ಲಿ ದೊರೆಯುತ್ತವೆ. ಹೀಗಿರುವಾಗ ಅವನ್ನೇ ಮುದ್ರಿಕೆಯಿಂದ ಎತ್ತಿ ದಿನವಿಡೀ ಹರಿಸುವ ಕೇಂದ್ರವನ್ನು ಯಾರು, ಏಕೆ ಹಚ್ಚುತ್ತಾರೆ? ಪೂಜ್ಯವಾದುದನ್ನು ಯಾರೂ ಕೇಳದ ಕೋಣೆಯಲ್ಲಿ ಸದ್ದಾಗಿ ಬಿಡುವುದು ಅದಕ್ಕೆ ಸಲ್ಲಿಸುವ ಗೌರವವಲ್ಲ.

ನಮ್ಮ ಅನುಭವವನ್ನೂ ಮುಚ್ಚಿಡದೆ ಹೇಳುತ್ತೇವೆ. ಹಲವು ವರ್ಷಗಳ ಹಿಂದೆ ಬಾನುಲಿಗಾಗಿ ನಾವು ಒಂದು ಚಿಂತನವನ್ನು ಬರೆದು ಓದಿದ್ದೆವು. ಸಂಸ್ಕೃತದ ಶ್ಲೋಕಗಳು, ಷಟ್‌ಸ್ಥಲದ ವಿವರಣೆ, ಉದ್ದುದ್ದ ಸಮಾಸಗಳು ಎಲ್ಲವೂ ಅದರಲ್ಲಿದ್ದವು. ಪ್ರಸಾರವಾದ ದಿನ ನಮ್ಮ ಪೂರ್ವಾಶ್ರಮದ ಮನೆಯಲ್ಲಿ ತಾಯಿಯವರು ನೆರೆಹೊರೆಯವರನ್ನೆಲ್ಲ ಕರೆದು ಕೂಡಿಸಿಕೊಂಡು ಕೇಳಿದರಂತೆ. ಮುಂದೆ ನಮ್ಮನ್ನು ಕಂಡಾಗ ಅವರು ಅಂದದ್ದು ಇಷ್ಟೆ: “ದನಿ ನಿನ್ನದೇ ಅಂತ ಗೊತ್ತಾಯ್ತು. ಹೇಳಿದ್ದೇನು ಅಂತ ಮಾತ್ರ ತಿಳೀಲಿಲ್ಲಪ್ಪ.” ಅಕ್ಷರ ಬಾರದ ಆ ತಾಯಿಯ ಮಾತು ನಮಗೆ ಯಾವ ವಿದ್ವತ್ ಸಭೆಯಲ್ಲೂ ದೊರೆಯದ ಪಾಠವಾಯಿತು.

ಭತ್ತಕ್ಕೆ ‘ರೇಡಿಯೊ’ ಎಂದು ಹೆಸರು ಬಂದ ಬಗೆ

ಕೇಳುಗನಿಗೆ ಬೇಕಾದುದನ್ನು ಬೇಕಾದ ಹೊತ್ತಿನಲ್ಲಿ ಹೇಳಿದರೆ ಬಾನುಲಿ ಏನು ಮಾಡಬಲ್ಲುದು ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಉತ್ತಮ ನಿದರ್ಶನಗಳಿವೆ. ಪುಣೆಯ ಸುತ್ತಲ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ 1956ರಲ್ಲಿ ಒಂದು ಪ್ರಯೋಗ ನಡೆಯಿತು. ಯುನೆಸ್ಕೋದ ನೆರವು ಅದಕ್ಕಿತ್ತು. ಪ್ರತಿ ಹಳ್ಳಿಯಲ್ಲಿ ಒಂದು ಕೇಳುಗರ ಕೂಟವನ್ನು ಕಟ್ಟಿ, ಅವರಿಗಾಗಿ 20 ಕಾರ್ಯಕ್ರಮಗಳನ್ನು ಪ್ರಸಾರ ಮಾಡಲಾಯಿತು. ಕೂಟದವರು ಒಟ್ಟಿಗೆ ಕುಳಿತು ಕೇಳುವರು, ಕೇಳಿದ ಮೇಲೆ ಚರ್ಚಿಸುವರು, ಸಂದೇಹಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುವರು. ಕೂಟಗಳಿಲ್ಲದ ಹಳ್ಳಿಗಳೊಡನೆ ಹೋಲಿಸಿ ನೋಡಿದಾಗ, ಚರ್ಚಿಸಿದ ಹಳ್ಳಿಗಳಲ್ಲಿ ತಿಳಿವಳಿಕೆ ಎದ್ದು ಕಾಣುವಂತೆ ಹೆಚ್ಚಿತ್ತು.

ತಮಿಳುನಾಡಿನ ತಂಜಾವೂರು ಸೀಮೆಯ ಕಥೆ ನಮ್ಮ ಸಿರುಗುಪ್ಪದ ಭತ್ತದ ರೈತರಿಗೆ ಇನ್ನೂ ಹತ್ತಿರವಾದುದು. 1960ರ ದಶಕದಲ್ಲಿ ಅಲ್ಲಿ ಎ.ಡಿ.ಟಿ. 27 ಎಂಬ ಹೊಸ ಭತ್ತದ ತಳಿ ಬಂದಿತು. ತಿರುಚಿರಾಪಳ್ಳಿ ಬಾನುಲಿ ಕೇಂದ್ರ ಆ ತಳಿಯ ಬೇಸಾಯಕ್ರಮವನ್ನು ಬಿಡದೆ ರೈತರಿಗೆ ತಿಳಿಸಿಕೊಟ್ಟಿತು. ರೈತರಿಗೆ ಆ ತಳಿಯ ಸರ್ಕಾರಿ ಹೆಸರು ನೆನಪಿನಲ್ಲಿ ನಿಲ್ಲಲಿಲ್ಲ. ಅಂಗಡಿಗೆ ಹೋಗಿ ‘ರೇಡಿಯೊ ಭತ್ತ’ ಕೊಡಿ ಎಂದು ಕೇಳತೊಡಗಿದರು. ಬಾನುಲಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ?

ನೆರೆಹೊರೆಯ ಕೇಂದ್ರಗಳು

ಇನ್ನು ಸಣ್ಣ ಕೇಂದ್ರಗಳ ವಿಚಾರ. ನಮ್ಮ ಬೀದರಿನ ಗಡಿಗೆ ಹೊಂದಿಕೊಂಡ ಜಹೀರಾಬಾದಿನ ಬಳಿ ಮಾಚನೂರು ಎಂಬ ಹಳ್ಳಿಯಿದೆ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ ಬಡ ದಲಿತ ಮಹಿಳೆಯರು ‘ಸಂಘಂ ರೇಡಿಯೊ’ ನಡೆಸುತ್ತ ಬಂದಿದ್ದಾರೆ. ಅದು ಪರವಾನಗಿ ಪಡೆದು 2008ರ ಅಕ್ಟೋಬರಿನಲ್ಲಿ ಪ್ರಸಾರ ಆರಂಭಿಸಿತು. ಆದರೆ ಅದಕ್ಕೆ ಸುಮಾರು ಹತ್ತು ವರ್ಷ ಮೊದಲಿನಿಂದಲೇ ಆ ಹೆಣ್ಣುಮಕ್ಕಳು ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿ ತಮ್ಮ ಸಂಘಗಳ ಸಭೆಗಳಲ್ಲಿ ಕೇಳಿಸುತ್ತಿದ್ದರು. ಬೀಜ, ಬೆಳೆ, ಗಿಡಮೂಲಿಕೆ, ಹಬ್ಬದ ಹಾಡು ಅವರ ವಸ್ತುಗಳು. ಭಾಷೆ ಪುಸ್ತಕದ ತೆಲುಗಲ್ಲ. ಅವರ ಕೇರಿಯ ತೆಲುಗು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿಯೂ ‘ನಮ್ಮ ಧ್ವನಿ’ ಎಂಬ ಕೇಂದ್ರ, ಗಾಳಿಯ ಪರವಾನಗಿ ದೊರೆಯದ ದಿನಗಳಲ್ಲಿ, ಕೇಬಲ್ ತಂತಿಯ ಮೂಲಕ ಮನೆಗಳನ್ನು ತಲುಪುವ ದಾರಿ ಕಂಡುಕೊಂಡಿತು.

ನಮ್ಮ ಸಮಾಜದ ಸಂಸ್ಥೆಗಳೂ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ಕಲಬುರ್ಗಿಯಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ‘ಅಂತರ್ವಾಣಿ’, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ‘ವೇಣುಧ್ವನಿ’, ಮೈಸೂರಿನಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠದ ಬಾನುಲಿ ಸಮುದಾಯ ಕೇಂದ್ರಗಳಾಗಿ ಬಂದಿವೆ. ಇವೆಲ್ಲ ನಗರಗಳಲ್ಲಿ, ದೊಡ್ಡ ವಿದ್ಯಾಸಂಸ್ಥೆಗಳ ನೆರಳಿನಲ್ಲಿ ಬೆಳೆದವು. ಕರೂರಿನಂಥ ಹಳ್ಳಿಗೆ ಆ ನೆರಳಿಲ್ಲ. ಆದ್ದರಿಂದ ಅವರು ನೋಡಿ ಕಲಿಯಬೇಕಾದುದು ಮಾಚನೂರಿನ ಹೆಣ್ಣುಮಕ್ಕಳನ್ನು ಎಂದು ನಮಗೆ ತೋರುತ್ತದೆ.

ಈ ಸೀಮೆಯಲ್ಲಿ ಇರುವುದೇನು?

ಸಿರುಗುಪ್ಪದ ಸೀಮೆ ಭತ್ತದ ಕಣಜ. ತುಂಗಭದ್ರೆಯ ಕೆಳದಂಡೆ ಕಾಲುವೆಯೇ ಇಲ್ಲಿನ ಬದುಕಿನ ನಾಡಿ. ಕಾಲುವೆಗೆ ನೀರು ಎಂದು ಬಿಡುತ್ತಾರೆ, ಎಂದು ನಿಲ್ಲಿಸುತ್ತಾರೆ, ಕೊನೆಯ ಭಾಗದ ತೂಬಿಗೆ ಸರದಿ ಯಾವಾಗ, ಬೆಂಕಿರೋಗಕ್ಕೆ ಏನು ಮಾಡಬೇಕು, ಇಂದು ಮಾರುಕಟ್ಟೆಯಲ್ಲಿ ಧಾರಣೆ ಏನು: ಇವುಗಳನ್ನು ಬೆಂಗಳೂರಿನ ಯಾವ ಕೇಂದ್ರವೂ ಕರೂರಿನ ರೈತನಿಗೆ ಹೇಳದು. ಸಿರುಗುಪ್ಪದಲ್ಲಿಯೂ ಹಗರಿಯಲ್ಲಿಯೂ ಕೃಷಿ ಸಂಶೋಧನಾ ಕೇಂದ್ರಗಳಿವೆ. ಅಲ್ಲಿನ ವಿಜ್ಞಾನಿ ಹೇಳುವುದನ್ನು ರೈತ ಕೇಳಬೇಕು. ರೈತ ಕೇಳುವ ಪ್ರಶ್ನೆಗೆ ವಿಜ್ಞಾನಿ ಉತ್ತರಿಸಬೇಕು. ಇವೆರಡೂ ಅದೇ ವಾರದಲ್ಲಿ ನಡೆದರೆ ಮಾತ್ರ ಬೆಳೆಗೆ ಪ್ರಯೋಜನ.

2024ರ ಆಗಸ್ಟ್ 10ರ ರಾತ್ರಿಯನ್ನು ನೆನೆಯೋಣ. ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ತಾತ್ಕಾಲಿಕ ತಡೆಯನ್ನು ಇಳಿಸಿ ನೀರನ್ನು ನಿಲ್ಲಿಸುವ ವೇಳೆಗೆ ಒಂದು ವಾರವೇ ಕಳೆಯಿತು. ನದಿಯ ಕೆಳಭಾಗದಲ್ಲಿರುವ ಸಿರುಗುಪ್ಪ ತಾಲ್ಲೂಕಿನ ದಂಡೆಯ ಹಳ್ಳಿಗಳ ಜನಕ್ಕೆ ಅಂದು ಬೇಕಾಗಿದ್ದುದು ಮೂರು ಮಾತು: ನೀರು ಎಷ್ಟು ಬರುತ್ತಿದೆ, ನಮ್ಮ ಊರಿಗೆ ಯಾವಾಗ ತಲುಪುತ್ತದೆ, ದನಕರುಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗಬೇಕು. ಅಧಿಕಾರಿಗಳು ಹೇಳುವ ಖಚಿತವಾದ ಮಾತನ್ನು ತಮ್ಮವರದೇ ಪರಿಚಿತ ದನಿಯಲ್ಲಿ, ಅರ್ಧ ಗಂಟೆಗೊಮ್ಮೆ ಹೇಳುವ ಕೇಂದ್ರವೊಂದು ಇದ್ದಿದ್ದರೆ ಎಷ್ಟು ಮನೆಗಳಲ್ಲಿ ಆ ರಾತ್ರಿ ನೆಮ್ಮದಿಯಿರುತ್ತಿತ್ತು! ಆದರೆ ಇಲ್ಲೊಂದು ಸೂಕ್ಷ್ಮವಿದೆ. ಅಂಥ ರಾತ್ರಿ ಜನ ನಂಬಿ ಹಚ್ಚಬೇಕಾದರೆ, ಅದಕ್ಕೆ ಮೊದಲಿನ ಸಾವಿರ ಸಾಮಾನ್ಯ ದಿನಗಳಲ್ಲಿ ಆ ಕೇಂದ್ರ ಅವರ ಮನೆಯ ಮಾತಾಗಿರಬೇಕು. ಒಂದು ಮತದವರದು, ಒಂದು ಕೇರಿಯವರದು ಎನಿಸಿಕೊಂಡ ಕೇಂದ್ರವನ್ನು ಆಪತ್ತಿನ ಹೊತ್ತಿನಲ್ಲಿ ಉಳಿದ ಕೇರಿಯವರು ಹಚ್ಚುವುದಿಲ್ಲ. ಪ್ರವಾಹವಾದರೋ ಕೇರಿ ನೋಡಿ ಬರುವುದಿಲ್ಲ.

ಈ ಸೀಮೆಯ ಭಾಷೆಯೂ ಒಂದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದ್ದು ಕನ್ನಡಿಗರ ದೊಡ್ಡ ಹೋರಾಟದ ಫಲ. ಆದರೂ ಗಡಿಯ ಮನೆಗಳಲ್ಲಿ ತೆಲುಗು ಇದೆ, ಪೇಟೆಯಲ್ಲಿ ಉರ್ದು ಇದೆ, ತಾಂಡಾಗಳಲ್ಲಿ ಲಂಬಾಣಿ ಇದೆ. ಕೇಂದ್ರ ಕನ್ನಡದ್ದೇ ಆಗಿರಲಿ. ಆದರೆ ತೆಲುಗಿನಲ್ಲಿ ಬಂದ ಪ್ರಶ್ನೆಗೆ ಅಲ್ಲಿ ಉತ್ತರ ಇರಲಿ.

ಇನ್ನು ಕಲೆ. ಗಮಕಿ ಜೋಳದರಾಶಿ ದೊಡ್ಡನಗೌಡರು ಈ ಜಿಲ್ಲೆಯವರೇ. ರಾತ್ರಿರಾತ್ರಿ ನಡೆಯುವ ಮಹಾಕಥನಗಳನ್ನು ನೆನಪಿನಿಂದಲೇ ಹಾಡಿದ ಬುರ್ರಕಥೆಯ ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡರು. ತೊಗಲುಗೊಂಬೆಯಾಟಕ್ಕೆ ಹೊಸ ಜೀವ ಕೊಟ್ಟ ಬೆಳಗಲ್ಲು ವೀರಣ್ಣ 2023ರಲ್ಲಿ ನಮ್ಮನ್ನು ಅಗಲಿದರು. ಇವರಂತೆ ಹೆಸರಾಗದೆ, ಸೋಬಾನೆ, ಬೀಸುವ ಪದ, ಅಲಾವಿ ಪದ, ಲಂಬಾಣಿ ಹಾಡುಗಳನ್ನು ಎದೆಯಲ್ಲಿಟ್ಟುಕೊಂಡ ಎಷ್ಟೋ ಮುದುಕ ಮುದುಕಿಯರು ಇನ್ನೂ ಇದ್ದಾರೆ. ಅವರ ದನಿಯನ್ನು ಹಿಡಿದಿಡುವುದಕ್ಕೆ ನಮಗಿರುವ ಕಾಲ ಹೆಚ್ಚಿಲ್ಲ.

ದಿನದ ರೂಪರೇಖೆ

ಹಾಗಾದರೆ ದಿನದ ಕಾರ್ಯಕ್ರಮ ಹೇಗಿರಬೇಕು? ನಾವು ಆ ತರುಣರಿಗೆ ಸೂಚಿಸಿದ್ದು ಹೀಗೆ. ಹದಿನೆಂಟು ಗಂಟೆಯ ಪ್ರಸಾರದ ಆಸೆ ಬಿಡಿ. ನಾಲ್ಕು ಗಂಟೆ ಸಾಕು. ಅದರಲ್ಲಿ ಹೊಸದು ಎರಡೇ ಗಂಟೆ. ಉಳಿದೆರಡು ಗಂಟೆ ಮರುಪ್ರಸಾರ.

ಬೆಳಿಗ್ಗೆ ಆರರಿಂದ ಏಳೂವರೆ ರೈತನ ಹೊತ್ತು. ಕಾಲುವೆಯ ನೀರು, ಹವಾಮಾನ, ಧಾರಣೆ, ಒಬ್ಬ ರೈತನ ಒಂದು ಅನುಭವ, ಆ ದಿನ ಬಸ್ಸು ಆಸ್ಪತ್ರೆ ಕಚೇರಿಗಳ ಸೂಚನೆ. ಮಧ್ಯಾಹ್ನ ಒಂದರಿಂದ ಒಂದೂವರೆ, ಬದುವಿನಲ್ಲಿ ಬುತ್ತಿ ಬಿಚ್ಚುವ ಹೊತ್ತು, ಅದು ಹೆಣ್ಣುಮಕ್ಕಳದು. ಬಾಣಂತಿಯ ಆರೈಕೆ, ಮಕ್ಕಳ ಲಸಿಕೆ, ಸ್ವಸಹಾಯ ಸಂಘದ ಲೆಕ್ಕ, ಅವರೇ ಹಾಡಿದ ಹಾಡು. ನಡೆಸುವವರೂ ಅವರೇ ಆಗಿರಬೇಕು. ಸಂಜೆ ಏಳರಿಂದ ಒಂಬತ್ತು ಮನೆಯವರೆಲ್ಲರ ಹೊತ್ತು. ಶಾಲೆಯ ಮಕ್ಕಳ ಅರ್ಧ ಗಂಟೆ, ಊರಿನ ಕಲಾವಿದರ ಅರ್ಧ ಗಂಟೆ, ಒಂದು ಚರ್ಚೆ, ಕಡೆಗೆ ವಚನ. ಕೇಂದ್ರ ತಾನೇ ವಾರ್ತೆಯನ್ನು ಸಿದ್ಧಪಡಿಸುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಕಾರ್ಯಕ್ರಮದ ಅರ್ಧಭಾಗವಾದರೂ ಸ್ಥಳೀಯವಾಗಿಯೇ ತಯಾರಾಗಬೇಕೆಂಬುದೂ ನಿಯಮ. ಈ ರೂಪರೇಖೆಯಲ್ಲಿ ಅರ್ಧವೇಕೆ, ಬಹುಪಾಲು ಊರಿನದೇ ಆಗುತ್ತದೆ.

ಹಿರಿಯರೊಬ್ಬರು ಆಗ ಮೆಲ್ಲನೆ ಕೇಳಿದರು: “ಬುದ್ಧಿ, ಹಾಗಾದರೆ ಇದರಲ್ಲಿ ನಮ್ಮದು ಅನ್ನುವುದೇನು ಉಳಿಯಿತು?” ಪ್ರಶ್ನೆ ನೋವಿನಿಂದ ಬಂದುದು. ಅದಕ್ಕೆ ಉತ್ತರ ಹೇಳದೆ ಈ ಲೇಖನ ಮುಗಿಯಲಾಗದು.

ನಮ್ಮದು ಎನ್ನುವುದು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕಟ್ಟಿದ ಅನುಭವ ಮಂಟಪವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅಲ್ಲಿ ಒಬ್ಬರು ಮಾತನಾಡಿ ಉಳಿದವರೆಲ್ಲ ಕೇಳುತ್ತಿದ್ದರೆ? ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಅಕ್ಕಿ ಆಯುವ ಲಕ್ಕಮ್ಮ ತಂತಮ್ಮ ಕಾಯಕದ ಅನುಭವದಿಂದ ಮಾತನಾಡಿದರು. ಒಬ್ಬರ ಮಾತನ್ನು ಇನ್ನೊಬ್ಬರು ಪ್ರಶ್ನಿಸಿದರು. ‘ವಚನ’ ಎಂಬ ಶಬ್ದಕ್ಕೆ ಮಾತು ಎಂದೇ ಅರ್ಥ. ಸಂಸ್ಕೃತ ಬಲ್ಲವರ ನಡುವೆ ಶರಣರು ಜನರಾಡುವ ಕನ್ನಡವನ್ನು ಆರಿಸಿಕೊಂಡದ್ದೂ ಎಲ್ಲರಿಗೂ ತಿಳಿಯಲೆಂದೇ. ಗದ್ದೆಯ ಕೂಲಿಯವಳು, ಕಮ್ಮಾರ, ಹಮಾಲ, ಶಿಕ್ಷಕ, ದಾದಿ ತಂತಮ್ಮ ಮಾತಿನಲ್ಲಿ ತಂತಮ್ಮ ಕೆಲಸದ ಅನುಭವವನ್ನು ಹೇಳುವ ಬಾನುಲಿ ಲಿಂಗಾಯತರ ಹೆಸರನ್ನು ಹೊರದಿದ್ದರೂ ಶರಣರ ದಾರಿಯದೇ ಆಗಿರುತ್ತದೆ. ಅದೇ ನಮ್ಮದು.

ಸಂಜೆಯ ವಚನದ ಹೊತ್ತನ್ನೂ ಈ ಬಗೆಯಲ್ಲಿಯೇ ನಡೆಸಬೇಕು. ಹತ್ತು ನಿಮಿಷ ಸಾಕು. ಒಂದು ವಚನವನ್ನು ಓದಿ, ಅದು ತನ್ನ ಬದುಕಿನಲ್ಲಿ ಎಲ್ಲಿ ತಾಕಿತೆಂದು ಒಬ್ಬ ಕಾಯಕಜೀವಿ ಹೇಳಲಿ. ಒಂದು ದಿನ ನೇಯ್ಗೆಯವನು, ಒಂದು ದಿನ ಸೂಲಗಿತ್ತಿ, ಒಂದು ದಿನ ಮಸೀದಿಯ ಪಕ್ಕದ ಅಂಗಡಿಯವನು. ನಮ್ಮಂಥ ಪಂಡಿತರ ಸರದಿ ತಿಂಗಳಿಗೊಮ್ಮೆ ಬಂದರೆ ಸಾಕು. ಇದಕ್ಕೆ ನಿಯಮದ ಒತ್ತಾಸೆಯೂ ಇದೆ. ಕೃಷಿ, ಆರೋಗ್ಯ, ಶಿಕ್ಷಣ, ಪರಿಸರ, ಸಮಾಜ ಕಲ್ಯಾಣ, ಸಂಸ್ಕೃತಿ ಇವೇ ಸಮುದಾಯ ಬಾನುಲಿಗೆ ಸರ್ಕಾರ ಹೇಳಿರುವ ಗುರಿಗಳು. ಧರ್ಮಪ್ರಚಾರಕ್ಕಾಗಿ ಕೊಟ್ಟ ಪರವಾನಗಿ ಅದಲ್ಲ.

ಹಣದ ಲೆಕ್ಕ

ಕೇಂದ್ರ ಬಾಳಬೇಕಾದರೆ ಹಣದ ಲೆಕ್ಕವೂ ಸರಿಯಾಗಿರಬೇಕು. 2024ರಲ್ಲಿ ಬಂದ ಹೊಸ ಮಾರ್ಗಸೂಚಿಯಂತೆ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ, ಅಂದರೆ ನಿಮಿಷಕ್ಕೆ 444 ರೂಪಾಯಿ. ಹನ್ನೆರಡು ನಿಮಿಷವೂ ತುಂಬಿದರೆ ಗಂಟೆಗೆ 5,328 ರೂಪಾಯಿ ಎಂದು ಕಾಗದದ ಮೇಲೆ ಕಾಣುತ್ತದೆ. ಆ ಲೆಕ್ಕವನ್ನು ನಂಬಿ ಸಾಲ ಮಾಡಬಾರದು. ಗಂಟೆಗೆ ಒಂದು ನಿಮಿಷ ದೊರೆತೀತೆಂದು ಹಿಡಿದರೆ ನಾಲ್ಕು ಗಂಟೆಗೆ ದಿನಕ್ಕೆ 1,776 ರೂಪಾಯಿ. ಅದೂ ಎಲ್ಲ ದಿನ ಬರುವುದಿಲ್ಲ. ವಿದ್ಯುತ್ತು, ಯಂತ್ರದ ದುರಸ್ತಿ, ಇಬ್ಬರು ಕಾರ್ಯಕರ್ತರ ಗೌರವಧನ ಇಷ್ಟನ್ನು ಜಾಹೀರಾತಿಲ್ಲದೆಯೂ ಭರಿಸುವ ಶಕ್ತಿ ಇದ್ದರೆ ಮಾತ್ರ ಮುಂದಡಿ ಇಡಬೇಕು.

ಆ ಶಕ್ತಿ ಒಬ್ಬ ಧನಿಕರಿಂದ ಬರದಿರಲಿ ಎಂಬುದು ನಮ್ಮ ಸಲಹೆ. ಒಬ್ಬರೇ ಕೊಟ್ಟರೆ ಕೇಂದ್ರವೂ ಅವರ ದನಿಯನ್ನೇ ಆಡುತ್ತದೆ. ಚುನಾವಣೆ ಬಂದಾಗ ಇದು ಇನ್ನೂ ಸ್ಪಷ್ಟವಾಗುತ್ತದೆ. ರಾಜಕೀಯ ಪಕ್ಷಗಳಿಗೂ ವ್ಯಕ್ತಿಗಳಿಗೂ ಈ ಪರವಾನಗಿ ಇಲ್ಲದಿರುವುದು ಇದೇ ಕಾರಣಕ್ಕೆ. ಮನೆಗೆ ಒಂದು ಪಾವು ಭತ್ತವಾದರೂ ಸರಿ, ಎಲ್ಲ ಕೇರಿಗಳಿಂದ ಬರಲಿ. ದಾಸೋಹವೆಂದರೆ ಅದೇ ಅಲ್ಲವೆ?

ಎಲ್ಲಿಂದ ಆರಂಭ?

ಅರ್ಜಿ ಹಾಕುವ ಸಂಸ್ಥೆ ನೋಂದಾಯಿತವಾಗಿ ಮೂರು ವರ್ಷವಾದರೂ ಸೇವೆ ಮಾಡಿರಬೇಕು. ಆ ಕಾಯುವ ಕಾಲವನ್ನು ವ್ಯರ್ಥ ಮಾಡಬೇಕಾಗಿಲ್ಲ. ಮಾಚನೂರಿನವರು ಕ್ಯಾಸೆಟ್ಟಿನಿಂದ ಮಾಡಿದ್ದನ್ನು ಇಂದು ಮೊಬೈಲಿನಿಂದ ಮಾಡಬಹುದು. ವಾರಕ್ಕೆ ಒಂದು ಗಂಟೆಯ ಕಾರ್ಯಕ್ರಮ ಮುದ್ರಿಸಿ, ಸೋಮವಾರ ಸಂಜೆ ದೇವಸ್ಥಾನದ ಕಟ್ಟೆಯಲ್ಲಿ, ಮಂಗಳವಾರ ಕೇರಿಯ ಸಮುದಾಯ ಭವನದಲ್ಲಿ, ಬುಧವಾರ ಶಾಲೆಯ ಅಂಗಳದಲ್ಲಿ ಕೇಳಿಸಿರಿ. ಕೇಳಿದ ಮೇಲೆ ಅರ್ಧ ಗಂಟೆ ಅವರ ಮಾತನ್ನು ನೀವು ಕೇಳಿರಿ. ಯಾವುದಕ್ಕೆ ಜನ ಎದ್ದುಹೋಗುತ್ತಾರೆ, ಯಾವುದನ್ನು ಮತ್ತೊಮ್ಮೆ ಹಾಕಿರೆಂದು ಕೇಳುತ್ತಾರೆ ಎಂಬುದನ್ನು ಬರೆದಿಡಿರಿ. ಮೂರು ವರ್ಷದ ಆ ಪುಸ್ತಕವೇ ನಿಮ್ಮ ಕೇಂದ್ರದ ರೂಪರೇಖೆಯಾಗುತ್ತದೆ. ನಾವು ಇಲ್ಲಿ ಬರೆದದ್ದು ಅದರ ಮೊದಲ ಪುಟ ಮಾತ್ರ.

ಮೊನ್ನೆ ಆ ತರುಣರಲ್ಲಿ ಒಬ್ಬ ಮತ್ತೆ ಬಂದಿದ್ದ. ತನ್ನ ಮೊಬೈಲನ್ನು ನಮ್ಮ ಮುಂದಿಟ್ಟು ಐದು ನಿಮಿಷದ ಮುದ್ರಿಕೆ ಕೇಳಿಸಿದ. ನಾಟಿ ಹಾಕುವ ಹೆಣ್ಣುಮಗಳೊಬ್ಬಳು, ದಿನವೆಲ್ಲ ಬಗ್ಗಿ ನಿಂತರೆ ಬರುವ ಸೊಂಟನೋವಿಗೆ ತಾವು ತಾವೇ ಕಂಡುಕೊಂಡ ಉಪಾಯ ಹೇಳುತ್ತಿದ್ದಳು. ನಡುವೆ ಗಾಳಿಯ ಸದ್ದು, ಯಾರದೋ ನಗು, ಕಡೆಗೆ ಒಂದು ಪ್ರಶ್ನೆ: “ಇದಕ್ಕ ಡಾಕ್ಟರು ಏನಂತಾರ, ಕೇಳಿ ಹೇಳ್ರಿ.” ಅವನು ಸಿರುಗುಪ್ಪದ ವೈದ್ಯರೊಬ್ಬರಿಂದ ಉತ್ತರವನ್ನು ಮುದ್ರಿಸಿಕೊಳ್ಳಲು ಹೊರಟಿದ್ದ. ಶ್ರಾವಣದ ಸಂಜೆ ನಾವು ಕೇಳಿದ ಪ್ರಶ್ನೆಗೆ ಅವನು ಈ ಬಗೆಯಲ್ಲಿ ಉತ್ತರ ತಂದಿದ್ದ. ನಾವು ಎರಡು ಮಾತಿಲ್ಲದೆ ಆಶೀರ್ವದಿಸಿದೆವು. ಕೇಂದ್ರದ ಹೆಸರನ್ನು ಮಾತ್ರ ನಾವು ಹೇಳಲಿಲ್ಲ. ಅದನ್ನು ಕೇಳುಗರೇ ಇಡಲಿ.